ನಾಯಿಗೊಂದು ಬಾಡಿಗೆ ಮನೆ

ಪತ್ನಿ ತೀರಿಕೊಂಡ ಮೇಲೆ ಹನುಮನಹಳ್ಳಿಯ ಮನೆಯಲ್ಲಿ ನನ್ನೊಡನೆ ಉಳಿದದ್ದು ಅವಳು ಅನ್ನವಿಕ್ಕಿ ಸಾಕಿದ ನಾಯಿಯೊಂದೇ. ಹಳ್ಳಿಯಲ್ಲಿ ಅದಕ್ಕೆ ಜಗಲಿಯಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಣ್ಣಿನ ಚಿಕಿತ್ಸೆಗಾಗಿ ಗಂಗಾವತಿಯಲ್ಲಿ ಬಾಡಿಗೆ ಮನೆ ಹುಡುಕಿದಾಗ ಮಾಲೀಕರೊಬ್ಬರು, “ನೀವು ಬರ್ರಿ ಸರ, ನಾಯಿ ಬ್ಯಾಡ” ಎಂದರು. ಸ್ವರ್ಗದ ಬಾಗಿಲಲ್ಲಿ ಇಂದ್ರನು ಧರ್ಮರಾಯನಿಗೆ ಹೇಳಿದ್ದೂ ಇದನ್ನೇ. ನಾನು ಧರ್ಮರಾಯನಲ್ಲ; ನಾಯಿಯನ್ನು ತಮ್ಮನ ಮನೆಯಲ್ಲಿ ಬಿಡೋಣವೆಂದು ಒಂದು ಗಳಿಗೆ ಯೋಚಿಸಿದ್ದುಂಟು.

ಕೇಳುಗರೇ, ನಿವಾಸಿಗಳ ಸಂಘವು ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದು ಸಂಘಗಳಿಗೆ ಹೇಳಿದ ಮಾತು. ಸ್ವಂತ ಮನೆಯನ್ನು ಬಾಡಿಗೆಗೆ ಕೊಡುವವನು ತನ್ನ ಷರತ್ತನ್ನು ಕರಾರಿನಲ್ಲಿ ಬರೆಸಬಹುದು. ಮನಸ್ಸಿಗೆ ಆಸರೆಯಾದ ಪ್ರಾಣಿಗೆಂದು ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ.

ಮಾಲೀಕರ ಅಂಜಿಕೆಯೂ ಸುಳ್ಳಲ್ಲ. ಹಿಂದಿನ ಬಾಡಿಗೆದಾರರ ನಾಯಿ ಸಾಗವಾನಿ ಬಾಗಿಲನ್ನು ಕೆರೆದು ಕೆಡಿಸಿತ್ತಂತೆ. ಕರಾರುಪತ್ರಕ್ಕೆ ನಾನೇ ಮೂರು ಸಾಲು ಸೇರಿಸಿದೆ: ಪ್ರತಿವರ್ಷ ಹುಚ್ಚುನಾಯಿ ರೋಗದ ಲಸಿಕೆ, ಅಂಗಳದ ಶುಚಿ ನನ್ನದು, ಕೆಟ್ಟದ್ದರ ದುರಸ್ತಿ ಮುಂಗಡ ಹಣದಿಂದ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು, “ಇದರ ಹೆಸರೇನ್ರಿ?” ಎಂದರು. ಅವಳಿಟ್ಟ ಹೆಸರನ್ನು ಹೇಳಿದೆ. ಅದನ್ನೂ ಬರೆದುಕೊಂಡರು.