ನಲವತ್ತು ದಾಟಿದ ಗಂಡಸರ ಆರೋಗ್ಯ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಕಡೆ ಗಂಡಸರು ಮೊಣಕಾಲು ನೋವನ್ನು ಹೇಳಿಕೊಳ್ಳುತ್ತಾರೆ. ಆದರೆ ಮೈಯಲ್ಲಿ ಕಸುವಿಲ್ಲ, ದಾಂಪತ್ಯದಲ್ಲಿ ಆಸಕ್ತಿ ಕುಂದಿದೆ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ; ಇಲ್ಲವೇ ಗುಟ್ಟಾಗಿ ಸಂತೆಯ ಔಷಧಿ ಕೊಳ್ಳುತ್ತಾರೆ. ಈ ಸಂಕೋಚದ ಹಿಂದೆ ದೊಡ್ಡ ಕಾಯಿಲೆ ಅಡಗಿರಬಹುದು. ಆದ್ದರಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಟೆಸ್ಟೋಸ್ಟೆರಾನ್ ಎಂಬುದು ಗಂಡಸರ ವೃಷಣಗಳಲ್ಲಿ ಉತ್ಪತ್ತಿಯಾಗುವ ಹಾರ್ಮೋನು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದಕ್ಕೆ ಅಪ್ಪಣೆ ಕೊಡುತ್ತದೆ. 1935ರಲ್ಲಿ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಗಡ್ಡ ಮೀಸೆ, ಗಡಸು ಧ್ವನಿ ಮಾತ್ರ ಇದರ ಕೆಲಸವಲ್ಲ. ಸ್ನಾಯುಗಳ ಬಲ, ಮೂಳೆಗಳ ಗಟ್ಟಿತನ, ಕೆಂಪು ರಕ್ತಕಣ, ಮನಸ್ಸಿನ ಉತ್ಸಾಹ ಇವಕ್ಕೂ ಇದು ಬೇಕು. ತೀರಾ ಕಡಿಮೆಯಾದರೆ ಸುಸ್ತು, ಸಿಡುಕು, ರಕ್ತಹೀನತೆ, ಮೂಳೆ ಸವೆತ ಕಾಣಿಸಿಕೊಳ್ಳುತ್ತವೆ.

ವಯಸ್ಸಿನೊಂದಿಗೆ ಇದು ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುವುದು ಸಹಜ, ಅದು ರೋಗವಲ್ಲ. ಆದರೆ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ನಿದ್ರೆಗೇಡು ಇದನ್ನು ಇನ್ನಷ್ಟು ಇಳಿಸುತ್ತವೆ. ಹಾರ್ಮೋನು ಇಳಿದಾಗ ಬೊಜ್ಜು ಮತ್ತೆ ಬೆಳೆಯುತ್ತದೆ. ಹೀಗೆ ಒಂದು ಇನ್ನೊಂದನ್ನು ಎಳೆಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಮಗ್ಗದಲ್ಲಿ, ಅಂಗಡಿಯ ಗಲ್ಲೆಯಲ್ಲಿ, ಲಾರಿಯ ಸ್ಟೇರಿಂಗಿನ ಮುಂದೆ ದಿನವಿಡೀ ಕುಳಿತು ದುಡಿಯುವ ನಮ್ಮವರು ಇದನ್ನು ಗಮನಿಸಬೇಕು. ಲೈಂಗಿಕ ದೌರ್ಬಲ್ಯವು ಕೆಲವೊಮ್ಮೆ ಹೃದಯದ ರಕ್ತನಾಳಗಳ ಕಾಯಿಲೆಯ ಮುನ್ಸೂಚನೆಯೂ ಆಗಿರುತ್ತದೆ. ಅದನ್ನು ಮುಚ್ಚಿಟ್ಟರೆ ಪ್ರಾಣಕ್ಕೇ ಅಪಾಯ.

ಹಾಗಾದರೆ ಮಾಡುವುದೇನು? ಮೊದಲು ರೋಣ, ನರಗುಂದ, ಗಜೇಂದ್ರಗಡದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಮಾಡಿಸಿಕೊಳ್ಳಿ. ವೈದ್ಯರು ಹೇಳಿದರೆ ಹಾರ್ಮೋನು ಪರೀಕ್ಷೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ಮಾಡಿಸಬೇಕು. ಒಂದೇ ವರದಿ ನೋಡಿ ಹೆದರಬಾರದು. ಅನೇಕರಿಗೆ ತೂಕ ಇಳಿಸುವುದು, ದಿನವೂ ನಡಿಗೆ, ಒಳ್ಳೆಯ ನಿದ್ರೆ ಇವೇ ಮೊದಲ ಔಷಧಿ. ಗುಟ್ಕಾ, ಬೀಡಿ ಬಿಟ್ಟರೆ ಹೃದಯವೂ ಉಳಿಯುತ್ತದೆ.

ಯುವಕರಿಗೊಂದು ಎಚ್ಚರಿಕೆ. ಮೈಕಟ್ಟಿಗಾಗಿ ಜಿಮ್‌ನಲ್ಲಿ ಯಾರೋ ಕೊಡುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬೇಡ. ಹೊರಗಿನಿಂದ ಹಾರ್ಮೋನು ಬಂದರೆ ದೇಹ ತಾನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣುಗಳು ಕುಗ್ಗಿ ಮಕ್ಕಳಾಗುವುದಕ್ಕೇ ತೊಡಕಾಗಬಹುದು. 5,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಚಿಕಿತ್ಸೆಯಿಂದ ಹೃದಯಾಘಾತ ಹೆಚ್ಚಾಗಲಿಲ್ಲ. ಆದರೆ ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು ಕಂಡವು. ನಿಜವಾಗಿ ಕೊರತೆ ಇರುವವರಿಗೂ ವೈದ್ಯರ ನಿಗಾ ಬೇಕೆಂಬುದು ಇದಕ್ಕೇ. ಇನ್ನು ಗೋಡೆಯ ಮೇಲಿನ 'ಪುರುಷತ್ವ' ಜಾಹೀರಾತುಗಳು 1954ರ ಕಾಯ್ದೆಗೇ ವಿರುದ್ಧವಾದವು. ಅವುಗಳಿಗೆ ಹಣ ಸುರಿಯಬೇಡಿ.

ವಿದ್ಯಾರ್ಥಿಗಳೇ, ನಿಮ್ಮ ಅಬ್ಬಾ, ಚಾಚಾ, ಮಾಮೂ ತಾವಾಗಿ ಆಸ್ಪತ್ರೆಗೆ ಹೋಗುವವರಲ್ಲ. ನೀವೇ ಜೊತೆಗೆ ಕರೆದುಕೊಂಡು ಹೋಗಿ. ದುಡಿಯುವ ಒಬ್ಬ ಗಂಡಸು ಹಾಸಿಗೆ ಹಿಡಿದರೆ ಮೊದಲು ನಿಲ್ಲುವುದು ಮಕ್ಕಳ ಓದು. ವಿದ್ಯೆಗಾಗಿ ಕಟ್ಟಿದ ಈ ಸಂಘದಲ್ಲಿ ನಾನು ಆರೋಗ್ಯದ ಮಾತಾಡಿದ್ದು ಇದೇ ಕಾರಣಕ್ಕೆ.