ಮೂರು ಲಕೋಟೆ, ಒಂದು ಉಳ್ಳಾಗಡ್ಡಿ

1858ರ ಮೇ ತಿಂಗಳ ಕೊನೆಯ ವಾರ. ಬ್ರಿಟಿಷರ ವಿರುದ್ಧ ಬಂಡಾಯಕ್ಕೆ ಸಜ್ಜಾಗುತ್ತಿದ್ದ ಮುಂಡರಗಿ ಭೀಮರಾಯರು ಹಮ್ಮಿಗಿಯ ಕೆಂಚನಗೌಡರ ಸುಪರ್ದಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳ ಸುಳಿವು ಸರಕಾರಕ್ಕೆ ಹತ್ತಿತು, ಮನೆಗೆ ಮುದ್ರೆ ಬಿತ್ತು. ಭೀಮರಾಯರು ಮುದ್ರೆ ಒಡೆದು, ಡಂಬಳದ ಖಜಾನೆಗೆ ನುಗ್ಗಿ, ಕೊಪ್ಪಳದ ಕೋಟೆ ಸೇರಿದರು. ಜೂನ್ 1ರಂದು ಅಲ್ಲಿಯೇ ಹೋರಾಡುತ್ತ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರು ರಾಮದುರ್ಗದ ತಮ್ಮ ಮಲಸಹೋದರನಿಗೆ ಗುಟ್ಟಿನ ಕಾಗದವೊಂದನ್ನು ಬರೆದಿದ್ದರು. ದಾರಿಯಲ್ಲಿ ಅದು ಯಾರ ಕೈಗೂ ಸಿಗಲಿಲ್ಲ. ತಲುಪಬೇಕಾದವರ ಕೈಗೇ ತಲುಪಿತು. ಅವರೇ ಅದನ್ನು ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ಗೆ ತೋರಿಸಿದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬರ ಕಡೆಯವರ ಕೈಯಲ್ಲಿ ಮ್ಯಾನ್ಸನ್ ಕೊಲೆಯಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ಗುಟ್ಟು ನಡುದಾರಿಯಲ್ಲಿ ಒಡೆಯುವುದಕ್ಕಿಂತ ತುದಿಗಳಲ್ಲಿ ಒಡೆಯುವುದೇ ಹೆಚ್ಚು. ಇವತ್ತು ‘ಡಾರ್ಕ್ ವೆಬ್’ ಎಂದು ಕರೆಸಿಕೊಳ್ಳುವ ಜಾಲದ ಮೂವತ್ತು ವರ್ಷಗಳ ಇತಿಹಾಸದಲ್ಲೂ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ.

ಆ ಜಾಲ ಹೇಗೆ ನಡೆಯುತ್ತದೆ ಎಂದು ತಿಳಿಯಲು ಗದಗಿನ ಹಳೆಯ ನಕಾಶೆಯೇ ಸಾಕು. ಸಂಸ್ಥಾನಗಳು ವಿಲೀನವಾಗುವವರೆಗೆ ಗದಗ, ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಅಕ್ಕಪಕ್ಕದ ಊರುಗಳಿಗೆ ಮೂರು ಆಡಳಿತ, ಮೂರು ಪೊಲೀಸು. ಆ ಕಾಲದ ಗದಗಿನವನೊಬ್ಬ ಮುಂಡರಗಿಗೆ ಕಾಗದ ಬರೆಯಬೇಕು, ಬರೆದವನು ಯಾರೆಂದು ಮಾತ್ರ ತಿಳಿಯಬಾರದು ಎಂದುಕೊಳ್ಳೋಣ. ಅವನು ಕಾಗದವನ್ನು ಒಂದು ಲಕೋಟೆಯಲ್ಲಿಟ್ಟು ಲಕ್ಷ್ಮೇಶ್ವರದ ಗೆಳೆಯನ ಹೆಸರು ಬರೆಯುತ್ತಾನೆ. ಅದನ್ನು ಇನ್ನೊಂದು ಲಕೋಟೆಯಲ್ಲಿಟ್ಟು ಶಿರಹಟ್ಟಿಯ ವಿಳಾಸ. ಅದನ್ನೂ ಮತ್ತೊಂದರೊಳಗಿಟ್ಟು ಬೆಟಗೇರಿಯ ನೇಕಾರನೊಬ್ಬನ ವಿಳಾಸ. ಬೆಟಗೇರಿಯವನು ಮೇಲಿನ ಲಕೋಟೆ ಹರಿದಾಗ ಒಳಗೆ ಶಿರಹಟ್ಟಿಯ ಹೆಸರು. ಕೊಟ್ಟವನು ಯಾರೆಂದು ಅವನಿಗೆ ಗೊತ್ತು, ಕಾಗದ ಕೊನೆಗೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ. ಶಿರಹಟ್ಟಿಯವನಿಗೆ ಎರಡೂ ಗೊತ್ತಿಲ್ಲ. ಲಕ್ಷ್ಮೇಶ್ವರದವನಿಗೆ ಅದು ಮುಂಡರಗಿಗೆಂದು ತಿಳಿಯುತ್ತದೆ, ಬರೆದವನ ಊರು ಮಾತ್ರ ತಿಳಿಯುವುದಿಲ್ಲ. ಯಾವೊಬ್ಬನನ್ನು ಹಿಡಿದು ಬಡಿದರೂ ಪೂರ್ತಿ ಕತೆ ಹೊರಬರುವುದಿಲ್ಲ.

ಇಂಥ ಕಲ್ಪನೆಯನ್ನು ಕಂಪ್ಯೂಟರಿಗೆ ತಂದವರು ಅಮೆರಿಕದ ಗೂಢಲಿಪಿ ತಜ್ಞ ಡೇವಿಡ್ ಚಾಮ್, 1981ರಲ್ಲಿ. 1990ರ ದಶಕದ ನಡುವಿನಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದ ಪಾಲ್ ಸೈವರ್ಸನ್, ಮೈಕೇಲ್ ರೀಡ್, ಡೇವಿಡ್ ಗೋಲ್ಡ್‌ಶ್ಲ್ಯಾಗ್ ಅದಕ್ಕೆ ಹೊಸ ರೂಪ ಕೊಟ್ಟರು. ಲಕೋಟೆಯ ಬದಲು ಪದರ ಪದರವಾದ ಗೂಢಲಿಪಿ. ಒಂದೊಂದು ಕಂಪ್ಯೂಟರು ಒಂದೊಂದು ಸಿಪ್ಪೆ ಸುಲಿಯುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ‘ಆನಿಯನ್ ರೌಟಿಂಗ್’, ಎಂದರೆ ಉಳ್ಳಾಗಡ್ಡಿಯಂಥ ಪದರಗಳ ದಾರಿ. ಗದಗಿನ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಚೀಲ ಇಳಿಸುವ ಹಮಾಲನಿಗೂ ಅರ್ಥವಾಗುವ ಹೆಸರು. ಮುಂದೆ ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಸೇರಿಕೊಂಡರು. 2002ರಲ್ಲಿ ‘ಟಾರ್’ ಜಾಲ ಓಡತೊಡಗಿತು, 2006ರಲ್ಲಿ ಟಾರ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು.

ನೌಕಾಪಡೆ ತನ್ನ ಗುಟ್ಟಿನ ದಾರಿಯನ್ನು ಊರಿಗೆಲ್ಲ ಯಾಕೆ ತೆರೆದಿಟ್ಟಿತು? ಕಾರಣ ಸರಳ. ಆ ದಾರಿಯಲ್ಲಿ ನೌಕಾಪಡೆಯವರು ಮಾತ್ರ ಓಡಾಡಿದರೆ, ಕಂಡವರೆಲ್ಲ ನೌಕಾಪಡೆಯವರೇ ಎಂದು ಯಾರಾದರೂ ಹೇಳಿಬಿಡುತ್ತಾರೆ. ಮರೆಯಾಗಲು ಜಾತ್ರೆ ಬೇಕು.

ಜಾತ್ರೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 2013ರ ಡಿಸೆಂಬರಿನ ಹಾರ್ವರ್ಡ್ ವಿಶ್ವವಿದ್ಯಾಲಯ ಸಾಕ್ಷಿ. ಪರೀಕ್ಷೆ ತಪ್ಪಿಸಲು ವಿದ್ಯಾರ್ಥಿಯೊಬ್ಬ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳಿಸಿದ. ಬಳಸಿದ್ದು ಮಾತ್ರ ವಿಶ್ವವಿದ್ಯಾಲಯದ್ದೇ ವೈಫೈ. ಆ ಹೊತ್ತಿಗೆ ಅಲ್ಲಿ ಟಾರ್ ಬಳಸಿದವರು ಯಾರೆಂದು ನೋಡಿ ಎಫ್‌ಬಿಐ ನೇರ ಅವನ ಬಳಿಗೆ ಹೋಯಿತು, ಅವನು ಒಪ್ಪಿಕೊಂಡ. ಏನು ನೋಡಿದಿರಿ ಎಂಬುದನ್ನು ಟಾರ್ ಮುಚ್ಚುತ್ತದೆ, ಟಾರ್ ಬಳಸಿದಿರಿ ಎಂಬುದನ್ನು ತಾನಾಗಿ ಮುಚ್ಚುವುದಿಲ್ಲ.

ಟಾರ್‌ನಂಥ ಜಾಲದ ಮೂಲಕವೇ ತಲುಪಬಹುದಾದ ತಾಣಗಳು ಡಾರ್ಕ್ ವೆಬ್. ಅದರ ಕೆಟ್ಟ ಹೆಸರಿಗೆ ಕಾರಣ ಅಲ್ಲಿ ಎದ್ದ ಕಳ್ಳಸಂತೆಗಳು. ಮಾದಕವಸ್ತು ಮಾರುತ್ತಿದ್ದ ‘ಸಿಲ್ಕ್ ರೋಡ್’ 2011ರಲ್ಲಿ ಶುರುವಾಯಿತು. 2013ರ ಅಕ್ಟೋಬರಿನಲ್ಲಿ ಅದರ ಯಜಮಾನ ರಾಸ್ ಉಲ್ಬ್ರಿಕ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದ. ತನಿಖೆಗೆ ಅವನ ಗುರುತಿನ ಎಳೆ ಕೊಟ್ಟದ್ದು ಅವನು ಆರಂಭದ ದಿನಗಳಲ್ಲಿ ಎಲ್ಲರಿಗೂ ಕಾಣುವಂತೆ ಬರೆದುಕೊಂಡಿದ್ದ ಸ್ವಂತ ಹೆಸರಿನ ಇಮೇಲ್ ವಿಳಾಸ. 2017ರಲ್ಲಿ ಬ್ಯಾಂಕಾಕಿನಲ್ಲಿ ಬಂಧನಕ್ಕೊಳಗಾದ ‘ಆಲ್ಫಾಬೇ’ ಸ್ಥಾಪಕನದೂ ಅದೇ ಪಾಡು. ಹೊಸ ಸದಸ್ಯರಿಗೆ ಹೋಗುತ್ತಿದ್ದ ಸ್ವಾಗತ ಪತ್ರದ ತಲೆಬರಹದೊಳಗೆ ಅವನ ಹಾಟ್‌ಮೇಲ್ ವಿಳಾಸ ಉಳಿದುಬಿಟ್ಟಿತ್ತು. ಅದೇ ವರ್ಷ ‘ಹನ್ಸಾ’ ಎಂಬ ಇನ್ನೊಂದು ಸಂತೆಯನ್ನು ಡಚ್ ಪೊಲೀಸರು ಸದ್ದಿಲ್ಲದೆ ವಶಪಡಿಸಿಕೊಂಡು ಸುಮಾರು ಒಂದು ತಿಂಗಳು ತಾವೇ ನಡೆಸಿದರು. ಖರೀದಿಗೆ ಬಂದವರು ತಮ್ಮ ಮನೆಯ ವಿಳಾಸವನ್ನು ಪೊಲೀಸರಿಗೇ ಬರೆದುಕೊಟ್ಟರು.

ಒಳ್ಳೆಯವರೂ ಮೋಸಹೋಗಿದ್ದಾರೆ. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ಟಾರ್ ಜಾಲದಲ್ಲಿ ಐದು ಕೊನೆಯ ನಿಲ್ದಾಣಗಳನ್ನು ತಾನೇ ನಡೆಸಿದ. ಎಂದರೆ ನಮ್ಮ ನಕಾಶೆಯ ಲಕ್ಷ್ಮೇಶ್ವರದ ಮನುಷ್ಯನಾದ. ಬೇರೆ ಗೂಢಲಿಪಿಯ ಹೊದಿಕೆಯಿಲ್ಲದೆ ಹಾದುಹೋದ ಇಮೇಲ್ ಪಾಸ್‌ವರ್ಡುಗಳೆಲ್ಲ ಅವನ ಕಣ್ಣಿಗೆ ಬಿದ್ದವು. ಅವನು ಬಯಲು ಮಾಡಿದ ಸುಮಾರು ನೂರು ಖಾತೆಗಳ ಪಟ್ಟಿಯಲ್ಲಿ ಭಾರತದ ರಾಯಭಾರ ಕಚೇರಿಗಳ ಖಾತೆಗಳೂ ಇದ್ದವು. ಒಳಗಿನ ಕಾಗದಕ್ಕೆ ಬೇರೆ ಅರಗಿನ ಮುದ್ರೆ ಇಲ್ಲದಿದ್ದರೆ ಕೊನೆಯ ಲಕೋಟೆ ಹರಿದವನು ಅದನ್ನು ಓದಬಲ್ಲ. ಇಂದು ತಾಣದ ವಿಳಾಸದ ಮೊದಲಿಗಿರುವ ಎಚ್‌ಟಿಟಿಪಿಎಸ್ ಎಂಬುದೇ ಆ ಅರಗು.

ಡಾರ್ಕ್ ವೆಬ್ಬಿಗೂ ನಮಗೂ ಏನು ಸಂಬಂಧ ಎಂದು ಬೆಟಗೇರಿಯ ಗೃಹಿಣಿ ಕೇಳಬಹುದು. ಅವರು ಅಲ್ಲಿಗೆ ಹೋಗದಿದ್ದರೂ ಅವರ ವಿವರ ಅಲ್ಲಿಗೆ ಹೋಗಿರಬಹುದು. 2020ರ ನವೆಂಬರಿನಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಬೆಲೆ ಸುಮಾರು 30 ಲಕ್ಷ ರೂಪಾಯಿ. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಹೆಸರು, ಫೋನು, ಮನೆಯ ವಿಳಾಸ ಸಿಕ್ಕವನು ಬ್ಯಾಂಕಿನವನಂತೆ ನಂಬಿಸಿ ಮಾತಾಡಬಲ್ಲ. ಒಂದು ಕಡೆ ಸೋರಿದ ಪಾಸ್‌ವರ್ಡು ಬೇರೆ ಖಾತೆಗಳ ಬಾಗಿಲನ್ನೂ ತೆರೆಯಬಲ್ಲದು. ಆದ್ದರಿಂದ ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸಬಾರದು, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ಭಾರತದಲ್ಲಿ ಟಾರ್ ಬಳಸುವುದೇ ಅಪರಾಧವಲ್ಲ. ಅದರೊಳಗೆ ಮಾದಕವಸ್ತು ಕೊಂಡರೆ ಅಪರಾಧ, ಅದು ಹೊರಗೂ ಅಪರಾಧವೇ. ಬಿಬಿಸಿ 2019ರಲ್ಲಿ ತನ್ನ ಸುದ್ದಿತಾಣವನ್ನು ಟಾರ್ ಒಳಗೂ ತೆರೆಯಿತು. ಎಲ್ಲ ಸಂಪರ್ಕವನ್ನೂ ಒಂದೇ ಕಂಪನಿಯ ಮೂಲಕ ಸಾಗಿಸುವ ವಿಪಿಎನ್ ಇದ್ದರೆ ಸಾಕು ಎನ್ನುವವರು ಒಂದನ್ನು ನೆನಪಿಡಬೇಕು: ಅಲ್ಲಿ ಮೂರು ಊರುಗಳಿಲ್ಲ, ಒಬ್ಬನೇ ಅಂಚೆಯವನು, ಅವನಿಗೆ ಎರಡೂ ತುದಿ ಗೊತ್ತು. 2022ರ ಏಪ್ರಿಲಿನಲ್ಲಿ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಗ್ರಾಹಕರ ವಿವರಗಳನ್ನು ಐದು ವರ್ಷ ಕಾಪಿಡಬೇಕೆಂದು ಆದೇಶಿಸಿದಾಗ ಹಲವು ವಿಪಿಎನ್ ಕಂಪನಿಗಳು ತಮ್ಮ ಸರ್ವರುಗಳನ್ನೇ ಭಾರತದಿಂದ ತೆಗೆದವು.

ಗುಟ್ಟು ಕಾಯುವ ಹಂಬಲವೇ ಅನುಮಾನಕ್ಕೆ ಕಾರಣ ಎನ್ನುವವರಿಗೆ ಕರ್ನಾಟಕದವರೇ ಒಬ್ಬರು ಉತ್ತರ ಕೊಡಿಸಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರು ಇಂದು ದೇಶದ ನ್ಯಾಯಾಲಯಗಳಲ್ಲೆಲ್ಲ ಆ ಹಕ್ಕಿನ ಇನ್ನೊಂದು ಹೆಸರಿನಂತೆ ಓಡಾಡುತ್ತಿದೆ.

ಮುಂಡರಗಿಯ ಪತ್ರಕರ್ತೆಯೋ ಲಂಚದ ದಾಖಲೆ ಹಿಡಿದ ನೌಕರನೋ ಈ ದಾರಿ ಹಿಡಿಯಬೇಕಾಗಿ ಬಂದರೆ ಟಾರ್ ಬ್ರೌಸರನ್ನು ಟಾರ್ ಪ್ರಾಜೆಕ್ಟಿನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಬೇಕು: 2013ರ ಆಗಸ್ಟಿನಲ್ಲಿ ಹಳೆಯ ಆವೃತ್ತಿಯ ಒಂದು ದೋಷದಿಂದ ಅನೇಕರ ಗುರುತು ಬಯಲಾಯಿತು, ಅದಕ್ಕೆ ತೇಪೆ ವಾರಗಳ ಹಿಂದೆಯೇ ಬಂದಿತ್ತು. ಭದ್ರತೆಯ ಮಟ್ಟವನ್ನು ಅತಿ ಹೆಚ್ಚಿನದಕ್ಕೆ ಏರಿಸಿದರೆ ಜಾವಾಸ್ಕ್ರಿಪ್ಟ್ ನಿಲ್ಲುತ್ತದೆ, ಕೆಲವು ಪುಟಗಳು ಬೋಳಾಗಿ ಕಾಣುತ್ತವೆ, ಕಾಣಲಿ. ಇಳಿಸಿಕೊಂಡ ದಾಖಲೆಯನ್ನು ಜಾಲದಲ್ಲಿರುವಾಗಲೇ ತೆರೆಯಬಾರದು. ಅದು ಟಾರ್ ಮೂಲಕ ಹಾಯದೆ ನೇರವಾಗಿ ಹೊರಗೆ ಮಾತಾಡಿಬಿಡಬಹುದು. ಎಲ್ಲಕ್ಕಿಂತ ಮುಖ್ಯ, ಅದೇ ಕಿಟಕಿಯಲ್ಲಿ ತಮ್ಮ ಜಿಮೇಲ್, ಫೇಸ್‌ಬುಕ್ ತೆರೆಯಬಾರದು. ಮೂರು ಲಕೋಟೆ ಹಾಕಿ ಒಳಗೆ ಸಹಿ ಮಾಡಿದಂತೆ ಅದು.

ಟಾರ್ ಬ್ರೌಸರಿನ ವಿಳಾಸಪಟ್ಟಿಯ ಎಡಗಡೆಯ ಚಿಹ್ನೆ ಒತ್ತಿದರೆ ಪುಟ್ಟದೊಂದು ನಕಾಶೆ ಇಳಿಯುತ್ತದೆ. ಈ ಬ್ರೌಸರು, ಅದರ ಕೆಳಗೆ ಒಂದರಡಿ ಒಂದರಂತೆ ಮೂರು ದೇಶಗಳ ಹೆಸರು, ಕೊನೆಗೆ ತಾಣ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಇರಬಹುದು. ಹೊಸ ದಾರಿ ಬೇಕೆಂದು ಒತ್ತಿದರೆ ಎರಡನೆಯದು, ಮೂರನೆಯದು ಬದಲಾಗುತ್ತವೆ. ಮೊದಲನೆಯದು ಮಾತ್ರ ತಿಂಗಳುಗಟ್ಟಲೆ ಅದೇ. ದಿನಕ್ಕೊಬ್ಬನ ಕೈಗೆ ಲಕೋಟೆ ಕೊಡುತ್ತ ಹೋದರೆ ಒಂದಲ್ಲ ಒಂದು ದಿನ ಅದು ವೈರಿಯ ಕೈಗೆ ಬೀಳುತ್ತದೆಂದು ಲೆಕ್ಕಹಾಕಿ ಟಾರ್ ಕಟ್ಟಿದವರು ಹಾಗೆ ಮಾಡಿದ್ದಾರೆ. ಬೆಟಗೇರಿಯ ನೇಕಾರನನ್ನು ಅವರು ಸುಲಭಕ್ಕೆ ಬದಲಿಸುವುದಿಲ್ಲ.