ಶೀತದೇಶದ ಹಿತ್ತಲಿನಲ್ಲಿ ಸ್ಟ್ರಾಬೆರಿ ಬೇಸಾಯ

ಪಟೇಲರೇ, ಜಮೀನುದಾರರಾದ ಮಹನೀಯರೇ,

ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದ ಕೆಲವರು ಈಗ ಅಮೆರಿಕದ ಉತ್ತರಭಾಗದ ಮಿನ್ನೆಸೋಟ ಪ್ರಾಂತದಲ್ಲಿ ನೆಲಸಿರುವರು. ಬೇಸಾಯಗಾರರ ಮಕ್ಕಳಿಗೆ ಮನೆಯ ಹಿಂದೆ ನಾಲ್ಕು ಗಜ ನೆಲವಿದ್ದರೂ ಸುಮ್ಮನಿರಲು ಮನಸ್ಸು ಬಾರದು. ಅಲ್ಲಿ ಸ್ಟ್ರಾಬೆರಿ ಹಾಕಿ, ಎರಡು ವರ್ಷ ಆರೈಕೆ ಮಾಡಿದ ಪಾತಿಯು ಒಂದೇ ಚಳಿಗಾಲದಲ್ಲಿ ಸತ್ತರೆ, ಈ ಗಿಡ ಅಲ್ಲಿಗೆ ಒಗ್ಗದೆಂದು ಕೈಬಿಡುವುದುಂಟು. ಇದು ಸರಿಯಲ್ಲ. ಗಿಡವನ್ನು ಉಳಿಸುವ ಉಪಾಯವು ನಿಮಗೆ ಪರಿಚಿತವಾದ ಹುಲ್ಲಿನ ಹೊದಿಕೆಯೇ. ನಿಮ್ಮ ಮಕ್ಕಳಿಗೆ ಬರೆದು ತಿಳಿಸಲು ಅನುಕೂಲವಾಗಲೆಂದು ಅದರ ಕ್ರಮವನ್ನು ವಿಜ್ಞಾಪಿಸುವೆನು.

ಈ ಗಿಡದ ಜೀವವು ನೆಲದ ಮಟ್ಟದಲ್ಲಿರುವ ಮೋಟು ಕಾಂಡದಲ್ಲಿರುವುದು. ಇದನ್ನು ಸುಳಿಯೆಂದು ಕರೆಯೋಣ. ಮುಂದಿನ ಫಸಲಿನ ಮೊಗ್ಗುಗಳು ಹಿಂದಿನ ಶರತ್ಕಾಲದಲ್ಲಿ, ಹಗಲು ಕುಗ್ಗುತ್ತಿರುವಾಗಲೇ, ಈ ಸುಳಿಯೊಳಗೆ ಕಟ್ಟುವುವು. ಆದಕಾರಣ ಸುಳಿಗೆ ಪೆಟ್ಟು ಬಿದ್ದರೆ ಗಿಡ ಬದುಕಿದರೂ ಫಸಲು ಕೆಟ್ಟಿತೆಂದೇ ತಿಳಿಯತಕ್ಕದ್ದು.

ನೀರು 32 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹೆಪ್ಪುಗಟ್ಟುವುದಷ್ಟೆ. ಮಿನ್ನೆಸೋಟದ ಟವರ್ ಎಂಬ ಊರಿನ ಬಳಿ 1996ನೆಯ ಇಸವಿ ಫೆಬ್ರವರಿ 2ರಂದು ಉಷ್ಣಮಾಪಕವು ಸೊನ್ನೆಗಿಂತ 60 ಡಿಗ್ರಿ ಕೆಳಕ್ಕೆ ಇಳಿದಿತ್ತು. ಸುಳಿಯಾದರೋ ಸುಮಾರು 15 ಡಿಗ್ರಿಗಿಂತ ಕೆಳಗಿನ ಶೀತಕ್ಕೆ ಸಿಕ್ಕಿದರೆ ಕೆಡುವುದು. ಹಿಮವು ದಟ್ಟವಾಗಿ ಬಿದ್ದರೆ ಅದೇ ಕಂಬಳಿಯಾಗಿ ಕಾಪಾಡುವುದು. ಆದರೆ ನಮ್ಮ ಮುಂಗಾರಿನಂತೆ ಅದೂ ಹೊತ್ತಿಗೆ ಸರಿಯಾಗಿ ಬಂದೀತೆಂಬ ಭರವಸೆಯಿಲ್ಲ. ಇನ್ನೊಂದು ಕೇಡೂ ಉಂಟು. ಬರಿಯ ಮಣ್ಣು ಹಗಲು ಬಿಸಿಲಿಗೆ ಕರಗಿ, ರಾತ್ರಿ ಹೆಪ್ಪುಗಟ್ಟಿ ಉಬ್ಬುವುದು. ಇದು ಪದೇ ಪದೇ ನಡೆದರೆ ಗಿಡವು ಮೇಲಕ್ಕೆದ್ದು, ಬೇರು ಹರಿದು ಒಣಗುವುದು.

ನಾಟಿಯನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳದಲ್ಲಿ ಮಾಡತಕ್ಕದ್ದು. ಬದನೆ, ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಬೆಳೆದ ನೆಲದಲ್ಲಿ ಸೊರಗು ರೋಗವು ಉಳಿದಿರಬಹುದಾದುದರಿಂದ ಮೂರು ನಾಲ್ಕು ವರ್ಷ ಅಲ್ಲಿ ಹಾಕಬಾರದು. ಮಿನ್ನೆಸೋಟ ವಿಶ್ವವಿದ್ಯಾನಿಲಯದವರು 1999ರಲ್ಲಿ ಹೊರತಂದ ಮೆಸಾಬಿ, ನ್ಯೂಯಾರ್ಕಿನಲ್ಲಿ 1979ರಲ್ಲಿ ಹೊರಬಂದ ಹನಿಯಾಯ್ ಎಂಬ ತಳಿಗಳು ಚಳಿಯನ್ನು ತಾಳತಕ್ಕವು. ಸಾಲಿನಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಬೇಕು. ಸುಳಿಯು ಮಣ್ಣಿನ ಮಟ್ಟಕ್ಕೆ ಸಮವಾಗಿರಲಿ; ಹೂತರೆ ಕೊಳೆಯುವುದು, ಮೇಲೆದ್ದಿದ್ದರೆ ಬೇರು ಒಣಗುವುದು. ಈ ಎರಡು ತಳಿಗಳಲ್ಲಿಯೂ ಮೊದಲನೆಯ ವರ್ಷದ ಹೂವನ್ನು ಚಿವುಟಿಹಾಕಿದರೆ ಗಿಡವು ಬಲಿತು, ಬಳ್ಳಿ ಹಬ್ಬಿಸಿ ಸಾಲನ್ನು ತುಂಬುವುದು.

ಎಂಥ ತಳಿಯಾದರೂ ಹೊದಿಕೆ ಬೇಕೇ ಬೇಕು. ಅದನ್ನು ಹಾಕುವ ಹೊತ್ತೇ ಮುಖ್ಯವಾದುದು. ಆತುರದಿಂದ ಮೊದಲೇ ಹಾಕಿದರೆ ಗಿಡವು ಚಳಿಗೆ ಪಳಗದೆ ಹೋಗುವುದು, ಕೊಳೆಯಲೂಬಹುದು. ರಾತ್ರಿಯ ಉಷ್ಣತೆಯು ಕೆಲವು ದಿನ 20 ಡಿಗ್ರಿಯವರೆಗೆ ಇಳಿದು ನೆಲವು ಹೆಪ್ಪುಗಟ್ಟಲಾರಂಭಿಸಿದಾಗ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ, ಕಳೆಬೀಜವಿಲ್ಲದ ಗೋಧಿ ಅಥವಾ ಓಟ್ಸ್ ಹುಲ್ಲನ್ನು 4ರಿಂದ 6 ಅಂಗುಲ ದಪ್ಪ ಹರಡತಕ್ಕದ್ದು. ಮರದ ತರಗೆಲೆಯು ನೆನೆದು ಹಪ್ಪಳದಂತೆ ಅಂಟಿ ಗಿಡವನ್ನು ಉಸಿರುಗಟ್ಟಿಸುವುದಾದುದರಿಂದ ಅದು ಬೇಡ. ಮಲೆನಾಡಿನವರು ಶುಂಠಿಯ ಪಾತಿಗೆ ಸೊಪ್ಪು ಹೊದಿಸುವುದು ಮಳೆಯ ಹೊಡೆತಕ್ಕೂ ಬಿಸಿಲಿಗೂ ಅಡ್ಡವಾಗಿ. ಇಲ್ಲಿಯಾದರೋ ತಣ್ಣಗಾದ ನೆಲವನ್ನು ಏರಿಳಿತವಿಲ್ಲದೆ ಹಾಗೆಯೇ ಇರಿಸುವುದು, ಕಡುಶೀತವು ಸುಳಿಗೆ ತಗಲದಂತೆ ತಡೆಯುವುದು, ಇವೆರಡೇ ಉದ್ದೇಶ.

ಏಪ್ರಿಲಿನಲ್ಲಿ ಹೊದಿಕೆಯ ಅಡಿಯಲ್ಲಿ ಹೊಸ ಚಿಗುರು ಕಂಡೊಡನೆ ಹುಲ್ಲನ್ನು ಸಾಲುಗಳ ನಡುವೆ ಸರಿಸಬೇಕು. ಇದರಿಂದ ಕಳೆ ಅಡಗುವುದು, ಹಣ್ಣಿಗೆ ಮಣ್ಣು ತಗಲದು. ಅರಳಿದ ಹೂವು ಸುಮಾರು 30 ಡಿಗ್ರಿಯ ಶೀತಕ್ಕೇ ನಡುವೆ ಕಪ್ಪಾಗಿ ಕೆಡುವುದು. ಅಂಥ ರಾತ್ರಿ ಬರುವ ಸೂಚನೆಯಿದ್ದರೆ ಸಂಜೆಯೇ ಬಟ್ಟೆಯನ್ನೋ ಅದೇ ಹುಲ್ಲನ್ನೋ ಹೊದಿಸಿ, ಬೆಳಿಗ್ಗೆ ತೆಗೆಯತಕ್ಕದ್ದು. ಹಣ್ಣು ಮುಗಿದ ಕೂಡಲೇ ಸುಳಿಗೆ ಘಾಸಿಯಾಗದಂತೆ ಹಳೆಯ ಎಲೆಯನ್ನು ಸವರಿ, ಹರಡಿದ ಸಾಲನ್ನು ಒಂದಡಿ ಅಗಲಕ್ಕೆ ತಗ್ಗಿಸಿ, ಗೊಬ್ಬರ ನೀರು ಕೊಟ್ಟರೆ ಪಾತಿಯು ಮೂರು ನಾಲ್ಕು ವರ್ಷ ಫಲ ಕೊಡುವುದು.

ಮಹನೀಯರೇ, ಇದಕ್ಕೆ ಹೆಚ್ಚು ಹಣ ಬೇಡ. ಬೇಕಾದುದು ಕೆಲವು ಹೊರೆ ಹುಲ್ಲು ಮತ್ತು ಕಾಲದ ಎಚ್ಚರ. ಹದವರಿತು ಬಿತ್ತುವುದನ್ನು ನಿಮ್ಮಿಂದ ಕಲಿತ ಮಕ್ಕಳು ಹದವರಿತು ಹೊದಿಸುವುದನ್ನೂ ಕಲಿಯಲಿ ಎಂದು ಕೋರಿ ವಿರಮಿಸುವೆನು.